ನಡುಗುವ ಕೈಯ ಆಟ

ಹೆದರುವುದರಲ್ಲಿ ಪ್ಯಾಟ್ರಿಶಿಯಾ ಲೋಬೊಗೆ ಸರಿಸಾಟಿ ಇರಲಿಲ್ಲ. ಲಿಫ್ಟಿನ ಬಾಗಿಲು ಮುಚ್ಚಿಕೊಂಡರೆ ಹೆದರುತ್ತಿದ್ದಳು, ತೆರೆದುಕೊಳ್ಳುವುದು ತುಸು ತಡವಾದರೆ ಇನ್ನಷ್ಟು ಹೆದರುತ್ತಿದ್ದಳು. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಅದು ತಾನಾಗಿ ಸುಮ್ಮನಾಗುವ ತನಕ ಅದನ್ನೇ ನೋಡುತ್ತ ಕೂರುತ್ತಿದ್ದಳು. ರಸ್ತೆ ದಾಟಲು ಹಸಿರು ದೀಪ ಬಂದ ಮೇಲೂ ಬೇರೆ ಯಾರಾದರೂ ಮೊದಲು ಕಾಲಿಡಲಿ ಎಂದು ನಿಲ್ಲುವವಳು. ಈ ಸಲದ ಈಸ್ಟರ್ ಕಳೆದ ಮೇಲೆ ಅವಳು ಮಂಗಳೂರಿನಲ್ಲಿ ತೀರಿಕೊಂಡ ಸುದ್ದಿ ಅಬುಧಾಬಿಗೆ ಬಂದಾಗ, ಹಮ್ದಾನ್ ಸ್ಟ್ರೀಟಿನಲ್ಲಿ ಅವಳಿದ್ದ ಹಳೆಯ ಕಟ್ಟಡದಲ್ಲಿ ಎಲ್ಲರಿಗೂ ಮೊದಲು ನೆನಪಾದದ್ದು ಈ ಹೆದರಿಕೆಯೇ. ಪಾಪದ ಹೆಂಗಸು, ಇರುವೆಗೂ ದಾರಿ ಬಿಡುತ್ತಿದ್ದಳು ಅಂದರು. ಸುಳ್ಳಲ್ಲ. ಆದರೆ ಒಂದು ಶನಿವಾರ ಮಧ್ಯಾಹ್ನ ಅದೇ ಹೆದರಿಕೆಯನ್ನು ಅವಳು ಇಸ್ಪೀಟಿನ ಮೇಜಿಗೆ ತಂದು ಏನು ಮಾಡಿದಳು ಎಂಬುದು ಆ ಮೇಜಿನ ಸುತ್ತ ಇದ್ದವರಿಗೆ ಬಿಟ್ಟು ಬೇರೆಯವರಿಗೆ ತಿಳಿಯದು.

ಮೇಜು ಅವಳ ಗಂಡ ಮಾರ್ಸೆಲ್‌ನದು. ಮಾರ್ಸೆಲ್ ಒಂದು ಕೇಟರಿಂಗ್ ಕಂಪನಿಯ ಸ್ಟೋರಿನಲ್ಲಿ ಕೆಲಸಕ್ಕಿದ್ದ. ದಿನವಿಡೀ ಏಣಿ ಹತ್ತಿ ಇಳಿದು ಅಕ್ಕಿ, ಎಣ್ಣೆ, ಡಬ್ಬಿಗಳನ್ನು ನೋಡಿಕೊಳ್ಳುವ ಕೆಲಸ. ಮದುವೆಗೆ ಮುಂಚೆ ಪ್ರವಾಸಿ ಹಡಗೊಂದರಲ್ಲಿ ಸ್ಟುವರ್ಡ್ ಆಗಿದ್ದ. ಆ ಹಡಗಿನ ಕ್ಯಾಸಿನೋದಲ್ಲಿ ಪೋಕರ್ ಆಡುವವರ ಬೆನ್ನ ಹಿಂದೆ ತಟ್ಟೆ ಹಿಡಿದು ನಿಂತು ನಿಂತು ಆಟದ ಒಳಮರ್ಮವನ್ನೆಲ್ಲ ಕಲಿತಿದ್ದ. ಆಡಿ ಕಲಿತವರು ತಮ್ಮ ಎಲೆ ಮಾತ್ರ ನೋಡುತ್ತಾರೆ, ನಿಂತು ಕಲಿತವನು ಮನುಷ್ಯರನ್ನು ನೋಡುತ್ತಾನೆ ಎಂದು ಹೇಳಿಕೊಳ್ಳುತ್ತಿದ್ದ. ಅಬುಧಾಬಿಯಲ್ಲಿ ಅವನ ಬಳಿ ಕಲಿಯಲು ಬಂದವರು ಮೂವರು. ಶಿಪ್ಪಿಂಗ್ ಆಫೀಸಿನ ಲೆಸ್ಟರ್, ಮಾರ್ಸೆಲ್‌ನ ಫ್ಲಾಟಿನದೇ ಇನ್ನೊಂದು ಕೋಣೆಯಲ್ಲಿ ಬಾಡಿಗೆ ಹಂಚಿಕೊಂಡು ಶೇರಿಂಗ್‌ಗೆ ಇದ್ದ ಡಿಂಪಲ್, ಮೇಲಿನ ಮಹಡಿಯ ಎ.ಸಿ. ಎಂಜಿನಿಯರ್ ಮುರುಗೆಪ್ಪ. ಮುರುಗೆಪ್ಪ ಬಾಗಲಕೋಟೆಯವನು. ಅವನಿಗೆ ಕೊಂಕಣಿ ಬಾರದ್ದರಿಂದ ಮೇಜಿನ ಮಾತೆಲ್ಲ ಕನ್ನಡದಲ್ಲೇ ನಡೆಯುತ್ತಿತ್ತು. ಮೊದಲು ಶುಕ್ರವಾರ ಸೇರುತ್ತಿದ್ದರು. ಸರಕಾರ ವಾರದ ರಜೆ ಬದಲಿಸಿದ ಮೇಲೆ ಶನಿವಾರ ಊಟವಾದ ಮೇಲೆ ಸೇರತೊಡಗಿದರು.

ಅಲ್ಲಿ ಜೂಜಿನ ಸೊಲ್ಲೇ ಇರಲಿಲ್ಲ. ಹಣ ಕಟ್ಟಿ ಮನೆಯಲ್ಲಿ ಆಡಿದರೆ ಈ ದೇಶದಲ್ಲಿ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಆಡುತ್ತಿದ್ದದ್ದು ಹುಣಸೆ ಬೀಜ ಇಟ್ಟು. ಅದೂ ಪ್ಯಾಟ್ರಿಶಿಯಾಳ ಏರ್ಪಾಡು. ಲೆಸ್ಟರ್ ಒಮ್ಮೆ ಪ್ಲಾಸ್ಟಿಕ್ಕಿನ ಬಿಲ್ಲೆಗಳನ್ನು ತಂದಾಗ, ಅವುಗಳ ಟಕಟಕ ಸದ್ದು ಗೋಡೆಯಾಚೆ ಕೇಳಿದರೆ ಯಾರು ಏನು ತಿಳಿದಾರು ಎಂದು ಅವಳು ಅವನ್ನು ಅವನ ಚೀಲಕ್ಕೇ ಮರಳಿ ತುರುಕಿದ್ದಳು. ಬೀಜವೂ ಸದ್ದು ಮಾಡಬಾರದೆಂದು ಮೇಜಿಗೆ ದಪ್ಪ ಬೆಡ್‌ಶೀಟು ಹಾಸುತ್ತಿದ್ದಳು.

ಒಂದು ದಿನ ಆಟದ ನಡುವೆ ಬೆಲ್ಲು ಹೊಡೆಯಿತು. ಯಾರಾದರೂ ಏಳುವ ಮೊದಲೇ ಪ್ಯಾಟ್ರಿಶಿಯಾ ಎಲೆ, ಬೀಜ ಎಲ್ಲವನ್ನೂ ಬೆಡ್‌ಶೀಟಿನ ಸಮೇತ ಗಂಟು ಕಟ್ಟಿ ಸೋಫಾದ ಮೇಲಿಟ್ಟು, ಅದರ ಮೇಲೆ ತಾನೇ ಕೂತಳು. ಬಾಗಿಲಲ್ಲಿದ್ದವನು ವಾಚ್‌ಮ್ಯಾನ್ ಉಮ್ಮರಬ್ಬ.

"ನಾಳೆ ಟ್ಯಾಂಕಿ ತೊಳೀಲಿಕ್ಕುಂಟು ಬಾಯಮ್ಮ. ಬಕೆಟು ತುಂಬಿಸಿಡಿ, ಹೇಳ್ಲಿಲ್ಲ ಅಂತ ಬೇಡ," ಎಂದ. ಮತ್ತೆ ಎಲ್ಲರ ಮುಖ ನೋಡಿ, "ಎಂತ, ಯಾರಿಗಾದ್ರೂ ಹುಷಾರಿಲ್ವಾ?" ಎಂದು ಕೇಳಿದ.

ಅವನು ಹೋದ ಮೇಲೆ ಲೆಸ್ಟರ್ ಹೇಳಿದ: "ಪ್ಯಾಟಿ ಬಾಯಿ, ಹುಣಸೆ ಬೀಜಕ್ಕೆ ನಿಮ್ಮನ್ನು ಹಿಡಿದ್ರೆ ನಾನು ಸಾಕ್ಷಿ ಹೇಳ್ತೇನೆ. ಇವರು ಸಾರು ಮಾಡ್ಲಿಕ್ಕೆ ಇಟ್ಟದ್ದು ಅಂತ."

"ನಗಬೇಡಿ. ನಿಮಗೆಲ್ಲ ಧೈರ್ಯ ಜಾಸ್ತಿ," ಎಂದಳು ಅವಳು. ಗಂಟಿನ ಮೇಲಿಂದ ಏಳಲು ಅವಳಿಗೆ ಇನ್ನೂ ಮನಸ್ಸಾಗಿರಲಿಲ್ಲ.

ಅವಳು ಆಡುತ್ತಿರಲಿಲ್ಲ. ಚಹಾ ತರುವಳು, ಕರಿದ ತಿಂಡಿ ಇಡುವಳು, ಆಮೇಲೆ ಮಾರ್ಸೆಲ್‌ನ ಕುರ್ಚಿಯ ಹಿಂದೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಲ್ಲುವಳು. ಕ್ರಮೇಣ ಆಟ ಅವಳಿಗೂ ತಿಳಿಯಿತು. ಆಟ ಸರಳ. ಒಬ್ಬೊಬ್ಬರಿಗೆ ಎರಡೆರಡು ಎಲೆ, ಅವನ್ನು ಯಾರಿಗೂ ತೋರಿಸುವಂತಿಲ್ಲ. ನಡುವೆ ಐದು ಎಲೆ, ಅವು ಎಲ್ಲರವು. ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಮತ್ತೊಂದು ತೆರೆಯುತ್ತವೆ. ಪ್ರತಿ ಸಲ ತೆರೆದಾಗಲೂ ಬೀಜ ಮುಂದಿಡಬಹುದು. ಎದುರಿನವನು ಅಷ್ಟೇ ಬೀಜ ಹಾಕಿ ಜೊತೆಗೆ ಬರಬೇಕು, ಇಲ್ಲವೇ ತನ್ನ ಎಲೆ ಮುಚ್ಚಿ ಕೆಳಗಿಟ್ಟು ಸೋಲೊಪ್ಪಬೇಕು. ಎಲ್ಲರೂ ಕೆಳಗಿಟ್ಟರೆ ಉಳಿದವನೇ ಗೆದ್ದ. ಅವನ ಕೈಯಲ್ಲಿ ಏನಿತ್ತು ಎಂದು ಕೇಳುವ ಹಕ್ಕು ಆಮೇಲೆ ಯಾರಿಗೂ ಇಲ್ಲ.

ಮಾರ್ಸೆಲ್ ಕಲಿಸುವುದರಲ್ಲಿ ನಿಸ್ಸೀಮ. ಆಟ ಮುಗಿದ ಮೇಲೆ, ಎಲೆ ತೆರೆದ ಒಂದೊಂದು ಕೈಯನ್ನೂ ಬಿಡಿಸಿ, ಎಲ್ಲಿ ತಪ್ಪಿದಿರಿ ಎಂದು ತೋರಿಸುತ್ತಿದ್ದ. ನಡುವೆ ಬಿದ್ದ ಬೀಜ ನಿನ್ನದಲ್ಲ, ಅಷ್ಟು ಹಾಕಿಬಿಟ್ಟೆನಲ್ಲ ಎಂದು ಇನ್ನಷ್ಟು ಹಾಕಬೇಡ ಎನ್ನುತ್ತಿದ್ದ. ಮಾತಾಡುವ ಸರದಿ ಕೊನೆಗೆ ಬಂದರೆ ಅದು ಭಾಗ್ಯ, ಮೊದಲು ಉಳಿದವರನ್ನೆಲ್ಲ ನೋಡಿಕೋ ಎನ್ನುತ್ತಿದ್ದ. ಗೆದ್ದ ಮಾತ್ರಕ್ಕೆ ನೀನು ಸರಿಯಾಗಿ ಯೋಚಿಸಿದೆ ಎಂದಲ್ಲ, ಸೋತ ಮಾತ್ರಕ್ಕೆ ತಪ್ಪು ಯೋಚಿಸಿದೆ ಎಂದೂ ಅಲ್ಲ ಎಂಬುದು ಅವನ ಅಚ್ಚುಮೆಚ್ಚಿನ ಮಾತು. ಮುರುಗೆಪ್ಪನಿಗೆ ಅದು ಎಂದೂ ಒಪ್ಪಿಗೆಯಾಗುತ್ತಿರಲಿಲ್ಲ. "ಅಣ್ಣಾರ, ಸೋತಮ್ಯಾಲೆ ಸರಿ ಯೋಚನೆ ತಗೊಂಡು ಏನ್ ಮಾಡೂದ್ರಿ? ಉಪ್ಪಿನಕಾಯಿ ಹಾಕೂದೇನು?" ಎಂದು ಕೇಳುತ್ತಿದ್ದ.

ಇನ್ನೊಂದು ಪಾಠ ಇತ್ತು. ಬರಿಗೈಯಲ್ಲಿ ಜೋರು ಮಾಡುವವನು, ಅಂದರೆ ಬ್ಲಫ್ ಮಾಡುವವನು, ತನ್ನನ್ನು ತಾನೇ ಬಿಗಿಹಿಡಿದು ಕೂತಿರುತ್ತಾನೆ, ಅವನ ಕೈ ಕಲ್ಲಿನ ಹಾಗೆ. ಯಾರ ಕೈ ನಡುಗುತ್ತದೋ ಅವನ ಹತ್ತಿರ ಒಳ್ಳೆಯ ಎಲೆ ಬಂದಿದೆ ಎಂದು ತಿಳಿ. ಹಡಗಿನಲ್ಲಿ ಇದು ಒಮ್ಮೆಯೂ ಸುಳ್ಳಾದದ್ದು ನೋಡಿಲ್ಲ ಎನ್ನುತ್ತಿದ್ದ ಮಾರ್ಸೆಲ್.

ಆ ಚಳಿಗಾಲ ಮೇಷ್ಟ್ರೇ ಸೋಲತೊಡಗಿದ. ವಾರ ವಾರ ಸೋತ. ಅವನು ಬ್ಲಫ್ ಮಾಡಿದಾಗಲೆಲ್ಲ ಲೆಸ್ಟರ್ ಅಥವಾ ಮುರುಗೆಪ್ಪ ಬೀಜ ಹಾಕಿ ಅವನ ಎಲೆ ತೆರೆಸುತ್ತಿದ್ದರು. ಮಾರ್ಸೆಲ್‌ಗೆ ಅಚ್ಚರಿ, ಸ್ವಲ್ಪ ಹೆಮ್ಮೆಯೂ. ಶಿಷ್ಯರು ಕಲಿತರು ಎಂದುಕೊಂಡ.

ಅವರು ಏನು ಕಲಿತಿದ್ದರೆಂದು ಪ್ಯಾಟ್ರಿಶಿಯಾಗೆ ಗೊತ್ತಾದದ್ದು ಬಾಗಿಲ ಬಳಿ. ಆಟ ಮುಗಿಸಿ ಹೊರಟ ಲೆಸ್ಟರ್ ಚಪ್ಪಲಿ ಹಾಕಿಕೊಳ್ಳುತ್ತ ಮುರುಗೆಪ್ಪನಿಗೆ ಮೆಲ್ಲಗೆ ಹೇಳುತ್ತಿದ್ದ: "ದವಡೆ ನೋಡಿದ್ರಾ ಇವತ್ತು? ಬ್ಲಫ್ ಮಾಡುವಾಗ ಮಾರ್ಸೆಲ್ ಬಾಬ್‌ನ ಕೈ ಸೀದಾ ದವಡೆಗೆ ಹೋಗ್ತದೆ. ಎಡಗೈಯ ಎಲೆ ಬಲಗೈಗೆ ಬರ್ತದೆ, ಆಮೇಲೆ ದವಡೆ ಉಜ್ಜುವುದು. ಹೇಳ್ಬೇಡಿ ಮಾರಾಯ್ರೇ, ಹೇಳಿದ್ರೆ ನಿಲ್ಲಿಸಿಬಿಡ್ತಾರೆ."

"ನಾ ಯಾಕ ಹೇಳ್ಲಿ," ಎಂದ ಮುರುಗೆಪ್ಪ. "ನಂಗೂ ಹೋದ ತಿಂಗಳ ಗೊತ್ತಾಗೇತಿ. ನಿಮಗ ಗೊತ್ತಿಲ್ಲ ಅಂತ ಸುಮ್ಮನಿದ್ದೆ."

ಇಬ್ಬರೂ ನಗುತ್ತ ಲಿಫ್ಟಿನ ಕಡೆ ಹೋದರು. ಪ್ಯಾಟ್ರಿಶಿಯಾ ಬಾಗಿಲು ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತಳು. ಅಂದು ಕಡೆಯ ಆಟದಲ್ಲಿ ಮಾರ್ಸೆಲ್ ದವಡೆ ಉಜ್ಜಿದಾಗ ಅವನ ಬೆನ್ನ ಹಿಂದೆಯೇ ಅವಳಿದ್ದಳು. ಅವನ ಕೈಯಲ್ಲಿದ್ದದ್ದು ಎರಡು ಎಕ್ಕ; ಉಳಿದವರು ಎಲೆ ಕೆಳಗಿಟ್ಟದ್ದರಿಂದ ಅವನು ಅವನ್ನು ತೋರಿಸಬೇಕಾಗಿರಲಿಲ್ಲ. ಅದಕ್ಕಿಂತ ದೊಡ್ಡ ಜೋಡಿ ಆಟದಲ್ಲೇ ಇಲ್ಲ. ಎರಡು ಎಕ್ಕ ಹಿಡಿದವನು ಯಾಕೆ ಬ್ಲಫ್ ಮಾಡುತ್ತಾನೆ?

ದವಡೆಯ ವಿಷಯ ಅವಳಿಗೆ ಹೊಸದಲ್ಲ. ಎಲೆಕ್ಟ್ರಾ ಸ್ಟ್ರೀಟಿನ ಹಲ್ಲಿನ ಕ್ಲಿನಿಕ್ಕಿನಲ್ಲಿ ಅವಳು ರಿಸೆಪ್ಶನಿಸ್ಟ್. ಕ್ರಿಸ್ಮಸ್ಸಿಗೆ ಮುಂಚೆ ಮಾರ್ಸೆಲ್ ಎಡಗಡೆಯ ಹಲ್ಲು ಹಿಡಿದ ಹಾಗಾಗುತ್ತದೆ ಎಂದಿದ್ದ. ಅವಳೇ ಅವನನ್ನು ಅಲ್ಲಿನ ಡಾಕ್ಟರ್ ಶಹಲಾರ ಕುರ್ಚಿಯಲ್ಲಿ ಕೂರಿಸಿದ್ದಳು. ಕಾಸರಗೋಡಿನ ಆ ಹುಡುಗಿ ಎಕ್ಸ್‌ರೇ ನೋಡಿ, ಕನ್ನಡದಲ್ಲೇ ಹೇಳಿದ್ದಳು: "ಚೇಚಿ, ಹಲ್ಲಿನಲ್ಲಿ ಏನೂ ಇಲ್ಲ. ಹತ್ತುವಾಗ, ಭಾರ ಎತ್ತುವಾಗ ಬರ್ತದಾ ಕೇಳಿ. ಹಾಗೆ ಬಂದರೆ ಅದು ನನ್ನ ಕೆಲಸ ಅಲ್ಲ, ಹಾರ್ಟಿನವರಿಗೆ ತೋರಿಸಬೇಕು."

ಕೇಳಿದ್ದಳು. ಇಲ್ಲ ಅಂದಿದ್ದ. ಮುಖ ಸ್ವಲ್ಪವೂ ಕದಲಿರಲಿಲ್ಲ. ಮುಖ ಕದಲದ ಹಾಗೆ ಇಡುವುದು ಹೇಗೆಂದು ಊರಿಗೆಲ್ಲ ಕಲಿಸುವ ಮನುಷ್ಯ ಅವನು.

ಈಗ ಬಾಗಿಲಿಗೆ ಒರಗಿ ನಿಂತವಳಿಗೆ ಎಲ್ಲ ಒಂದರ ಹಿಂದೊಂದು ಬಂದು ಸೇರಿತು. ಲಿಫ್ಟು ಕೆಟ್ಟ ದಿನ ಮೆಟ್ಟಿಲಲ್ಲಿ ಅವನು ಫೋನ್ ನೋಡುವ ನೆಪದಲ್ಲಿ ನಿಂತದ್ದು. ನೀರಿನ ಕ್ಯಾನು ಒಳಗೆ ತಂದು ದವಡೆ ಒತ್ತಿಕೊಂಡದ್ದು. ಮೇಜಿನಲ್ಲಿ ದೊಡ್ಡ ಆಟ ಬಂದಾಗ ಎದೆ ಹೊಡೆದುಕೊಳ್ಳುತ್ತದೆ. ಬ್ಲಫ್ ಆದರೂ ಹೊಡೆದುಕೊಳ್ಳುತ್ತದೆ, ಎರಡು ಎಕ್ಕ ಬಂದರೂ ಹೊಡೆದುಕೊಳ್ಳುತ್ತದೆ. ಆಗ ನೋವು ಬರುತ್ತದೆ. ಗೆಳೆಯರು ಅದನ್ನು ನೋಡಿದ್ದರು, ಸರಿಯಾಗಿಯೇ ನೋಡಿದ್ದರು, ನೋಡಿ ಬೀಜ ಗೆದ್ದಿದ್ದರು.

ಅಂದು ಅವಳು ಒಲೆಯ ಮೇಲೆ ಹಾಲಿಟ್ಟು ಮರೆತಳು.

ಹೇಳಿ ನೋಡಿದಳು. ಮಾರ್ಸೆಲ್ ಒಂದೇ ಮಾತಿಗೆ ತಳ್ಳಿಹಾಕಿದ. "ಮೇ ತಿಂಗಳಲ್ಲಿ ಊರಿಗೆ ಹೋಗ್ತೇವಲ್ಲ. ಅಲ್ಲಿ ಎಲ್ಲ ಒಟ್ಟಿಗೆ ತೋರಿಸುವ. ಕಣ್ಣು, ಶುಗರ್, ನಿನ್ನ ಮಂಡಿ, ನನ್ನ ಈ ಹಲ್ಲು."

"ಅದು ಹಲ್ಲು ಅಲ್ಲ ಅಂತ ಡಾಕ್ಟರ್ ಹೇಳಿದ್ದಾಳೆ."

"ಅವಳಿಗೆ ಎಂತ ಗೊತ್ತು, ಮೊನ್ನೆ ಮೊನ್ನೆ ಪಾಸಾದವಳು."

"ಇಲ್ಲೇ ಒಮ್ಮೆ ತೋರಿಸಿದರೆ ಏನಾಗ್ತದೆ ಮಾರ್ಸೆಲ್?"

"ಕಾರ್ಡು ಉಜ್ಜಿದ ಕೂಡಲೇ ಕಂಪನಿಗೆ ಹೋಗ್ತದೆ. ವೀಸಾ ರಿನ್ಯೂ ಏಪ್ರಿಲ್‌ನಲ್ಲಿ. ಏಣಿ ಹತ್ತಲಿಕ್ಕೆ ಆಗದವನನ್ನು ಇಟ್ಟುಕೊಂಡು ಅವರೆಂತ ಪೂಜೆ ಮಾಡ್ತಾರಾ? ಶರ್ವಿನ್‌ಗೆ ಇನ್ನೂ ಎರಡು ವರ್ಷ ಕಾಲೇಜು ಉಂಟು. ಖಲಾಸ್, ಈ ಮಾತು ಬಿಡು."

ಶರ್ವಿನ್ ಅವರ ಮಗ, ಮಂಗಳೂರಿನಲ್ಲಿ ಓದುತ್ತಿದ್ದ. ವಿಮೆಯ ಕಾರ್ಡು ಉಜ್ಜಿದರೆ ಕಾಯಿಲೆಯ ಹೆಸರು ಕಂಪನಿಗೆ ತಿಳಿಯುತ್ತದೆ ಎಂಬುದು ನಿಜವೋ ಅಲ್ಲವೋ, ಯಾರೂ ವಿಚಾರಿಸಿದವರಲ್ಲ. ವಿಚಾರಿಸುವುದಕ್ಕೂ ಹೆದರಿಕೆ. ಹಾಗಾಗಿ ಆ ಕಟ್ಟಡದಲ್ಲಿ ಎಷ್ಟೋ ಜನ ತಮ್ಮ ನೋವನ್ನು ರಜೆಯ ತನಕ ಕಾದಿರಿಸುತ್ತಿದ್ದರು. ಊರಿಗೆ ಹೋದ ಮೊದಲ ವಾರ ಆಸ್ಪತ್ರೆ, ಎರಡನೆಯ ವಾರ ನೆಂಟರು. ಇದು ಎಲ್ಲರಿಗೂ ಎಷ್ಟು ಸಹಜವಾಗಿತ್ತೆಂದರೆ ಯಾರಿಗೂ ಅದು ವಿಚಿತ್ರ ಅನ್ನಿಸುತ್ತಿರಲಿಲ್ಲ.

ಮೇ ತಿಂಗಳು ದೂರವಿತ್ತು. ಪ್ಯಾಟ್ರಿಶಿಯಾ ಕಿವಿಯಾಗಿ ಬದುಕತೊಡಗಿದಳು. ಅವನು ಬಚ್ಚಲಲ್ಲಿದ್ದರೆ ನೀರಿನ ಸದ್ದು ನಿಲ್ಲುವುದನ್ನು ಕೇಳುವಳು, ನಿಂತ ಮೇಲೆ ಚಿಲಕದ ಸದ್ದಿಗೆ ಕಾಯುವಳು. ಕ್ಲಿನಿಕ್ಕಿನಲ್ಲಿ ಫೋನು ಬಡಿದರೆ, ಅವನ ಸ್ಟೋರಿನಿಂದ ಯಾರೋ ಸುದ್ದಿ ಹೇಳಲು ಮಾಡಿದ್ದಾರೆಂದು ಅವಳ ಬಾಯಿ ಒಣಗುತ್ತಿತ್ತು. ಡಿಂಪಲ್‌ಗೆ ಹೇಳಿಕೊಂಡಳು. ಡಿಂಪಲ್ ಹೇಳಿದಳು: "ಜಗಳ ಮಾಡು ಪ್ಯಾಟಿ."

"ಜಗಳ ಮಾಡಿದರೆ ಅವನ ಎದೆ ಹೊಡೆದುಕೊಳ್ಳುವುದಿಲ್ಲವಾ?" ಎಂದಳು ಪ್ಯಾಟ್ರಿಶಿಯಾ.



ಫೆಬ್ರವರಿಯ ಆ ಶನಿವಾರ ನಾಲ್ವರೂ ಎಂದಿನಂತೆ ಕೂತಿದ್ದರು. ಡಿಂಪಲ್ ಎಲೆ ಕಲಸುತ್ತಿದ್ದಳು. ಪ್ಯಾಟ್ರಿಶಿಯಾ ಚಹಾದ ತಟ್ಟೆ ಇಟ್ಟು ಅಡುಗೆಮನೆಗೆ ಮರಳಲಿಲ್ಲ. ಕುರ್ಚಿಯೊಂದನ್ನು ಎಳೆದು ಮಾರ್ಸೆಲ್‌ನ ಎದುರು ಕೂತಳು.

"ನಾನೂ ಆಡ್ತೇನೆ. ಒಂದೇ ಆಟ. ಮಾರ್ಸೆಲ್ ಮತ್ತು ನಾನು."

"ಯಲ್ಲಾ, ಶುರು ಮಾಡುವ, ಬಾಯಿ ಬಂದ್ರು," ಎಂದ ಲೆಸ್ಟರ್. "ಬೆಲ್ಲು ಹೊಡೆದ್ರೆ ಇವತ್ತು ಗಂಟಿನ ಮೇಲೆ ಯಾರು ಕೂರುವುದು?"

ಅವಳು ನಗಲಿಲ್ಲ. "ಒಂದು ಮಾತುಂಟು. ನಾನು ಗೆದ್ದರೆ ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಬರಬೇಕು. ನೀನು ಗೆದ್ದರೆ ಮೇ ತನಕ ನಾನು ಬಾಯಿ ಬಿಡುವುದಿಲ್ಲ."

ನಗು ನಿಂತಿತು. "ಆಸ್ಪತ್ರೆ ಯಾಕ್ರೀ ಅಕ್ಕಾರ?" ಎಂದು ಮುರುಗೆಪ್ಪ ಕೇಳಿದ. ಅವಳು ಮಾರ್ಸೆಲ್‌ನನ್ನೇ ನೋಡುತ್ತಿದ್ದಳು.

ಮಾರ್ಸೆಲ್‌ಗೆ ಮುಜುಗರವಾಯಿತು. ಮನೆಯ ಮಾತನ್ನು ಎಲ್ಲರೆದುರು ತಂದಳಲ್ಲ ಎಂದು ಸಿಟ್ಟೂ ಬಂತು. ಆದರೆ ಆಡೋಣ ಎಂದು ಯಾರಾದರೂ ಎದುರು ಕೂತರೆ ಎದ್ದು ಹೋದವನಲ್ಲ ಅವನು. ಮೇಲಾಗಿ, ಇಷ್ಟು ಸುಲಭದಲ್ಲಿ ಮೇ ತನಕ ಅವಳ ಬಾಯಿ ಮುಚ್ಚುತ್ತದೆಂದರೆ ಯಾಕೆ ಬೇಡ ಅಂದುಕೊಂಡಿರಬೇಕು. "ಆಯ್ತು. ಮೇಜಿನ ಮಾತು ಮೇಜಿನ ಮಾತೇ. ಆಮೇಲೆ ಅಳುವಂತಿಲ್ಲ," ಎಂದ.

ಇಬ್ಬರಿಗೂ ಸರಿಸಮ ಬೀಜದ ರಾಶಿ. ಡಿಂಪಲ್ ಹಂಚಿದಳು. ಪ್ಯಾಟ್ರಿಶಿಯಾ ತನ್ನ ಎಲೆಗಳ ಅಂಚು ಎತ್ತಿ ನೋಡಿದಳು. ಕಳಾವರದ ನಾಲ್ಕು, ಆಟೀನಿನ ಒಂಬತ್ತು. ಎರಡಕ್ಕೂ ಒಂದಕ್ಕೊಂದು ಸಂಬಂಧವಿಲ್ಲ. ಇಂಥವನ್ನು ಮುಟ್ಟಬೇಡಿ, ಹಾಗೇ ಕೆಳಗಿಡಿ ಎಂದು ಮಾರ್ಸೆಲ್ ಹೇಳುತ್ತಿದ್ದ ಎಲೆಗಳು. ಕೆಳಗಿಡುವ ಹಾಗಿರಲಿಲ್ಲ, ಇದ್ದದ್ದು ಒಂದೇ ಆಟ.

ನಡುವೆ ಮೂರು ಎಲೆ ತೆರೆದವು. ಇಸ್ಪೀಟಿನ ರಾಜ, ಇಸ್ಪೀಟಿನ ಎಂಟು, ಡೈಮಂಡಿನ ಮೂರು. ಮಾರ್ಸೆಲ್ ಒಂದು ಹಿಡಿ ಬೀಜ ಮುಂದಿಟ್ಟ. ರಾಜ ಅವನಿಗೆ ಜೋಡಿಯಾಗಿದೆ ಎಂದು ಅವಳಿಗೆ ಹೊಳೆಯಿತು. ಅವನು ಬೀಜ ಇಡುವ ರೀತಿ ಅವಳಿಗೆ ಗೊತ್ತು. ಸುಳ್ಳಾಡುವಾಗ ಜೋರಾಗಿ ಇಡುತ್ತಾನೆ, ನಿಜವಿದ್ದಾಗ ಮೆಲ್ಲಗೆ ತಳ್ಳುತ್ತಾನೆ. ಈಗ ಮೆಲ್ಲಗೆ ತಳ್ಳಿದ್ದ. ಅವಳೂ ಅಷ್ಟೇ ಬೀಜ ಹಾಕಿದಳು.

ನಾಲ್ಕನೆಯ ಎಲೆ ಇಸ್ಪೀಟಿನ ಗುಲಾಮ. ಈಗ ನಡುವೆ ಮೂರು ಇಸ್ಪೀಟು. ಕೈಯಲ್ಲಿ ಎರಡು ಇಸ್ಪೀಟು ಇದ್ದವನಿಗೆ ಐದೂ ಒಂದೇ ಜಾತಿಯವಾಗಿ ರಾಜನ ಜೋಡಿಯನ್ನು ನುಂಗಿಬಿಡುತ್ತವೆ. ಅವಳ ಬಳಿ ಒಂದೂ ಇರಲಿಲ್ಲ. ಮಾರ್ಸೆಲ್ ಆ ಗುಲಾಮನನ್ನು ದಿಟ್ಟಿಸಿ ನೋಡಿ, ಮತ್ತೆ ಬೀಜ ತಳ್ಳಿದ. ಈ ಸಲ ಸ್ವಲ್ಪ ಕಡಿಮೆ. ಅವಳು ಮತ್ತೆ ಜೊತೆಗೆ ಬಂದಳು.

ಐದನೆಯದು ಆಟೀನಿನ ಎರಡು. ಯಾರಿಗೂ ಪ್ರಯೋಜನವಿಲ್ಲದ ಎಲೆ. ಮಾರ್ಸೆಲ್ ಮೇಜಿನ ಮೇಲೆ ಬೆರಳು ತಟ್ಟಿದ. ನನ್ನದೇನಿಲ್ಲ, ನೀನು ಹೇಳು ಎಂದು ಅದರ ಅರ್ಥ.

ಕೊನೆಯ ಮಾತು ತನ್ನದು. ಇದು ಭಾಗ್ಯ ಎಂದು ಅವನೇ ಕಲಿಸಿದ್ದ. ಪ್ಯಾಟ್ರಿಶಿಯಾ ತನ್ನ ಮುಂದಿದ್ದ ರಾಶಿಯನ್ನೆಲ್ಲ ಎರಡೂ ಕೈಯಲ್ಲಿ ಬಳಿದು ಮುಂದೆ ತಳ್ಳಲು ಹೋದಳು. ಕೈ ನಡುಗಿತು. ಬೀಜ ಬೆರಳ ಸಂದಿಯಿಂದ ಉದುರಿ ಬೆಡ್‌ಶೀಟಿನ ಮೇಲೆ, ಅಲ್ಲಿಂದ ನೆಲಕ್ಕೆ ಹೋದವು. "ಎಲ್ಲ," ಎಂದಳು.

ಮಾರ್ಸೆಲ್ ಅವಳ ಮುಖ ನೋಡಲಿಲ್ಲ. ಕೈಗಳನ್ನು ನೋಡಿದ. ಅವಳು ಅವನ್ನು ಮೇಜಿನ ಅಂಚಿಗೆ ಒತ್ತಿಟ್ಟುಕೊಂಡಳು, ಆದರೂ ನಡುಕ ನಿಲ್ಲಲಿಲ್ಲ. ನಟಿಸುತ್ತಿರಲಿಲ್ಲ. ನಟಿಸುವುದು ಅವಳಿಗೆ ಬರುತ್ತಲೂ ಇರಲಿಲ್ಲ.

ಅವನು ಯೋಚಿಸತೊಡಗಿದ. ಯೋಚಿಸುವಾಗ ಎಡಗೈಯಲ್ಲಿದ್ದ ಎಲೆ ಬಲಗೈಗೆ ಬಂತು. ಎಡಗೈ ದವಡೆಗೆ ಹೋಯಿತು.

ಲೆಸ್ಟರ್ ಮುರುಗೆಪ್ಪನ ಕಡೆ ನೋಡಿದ. ಆಮೇಲೆ ಪ್ಯಾಟ್ರಿಶಿಯಾಳ ಕಡೆ. ಅವಳ ಮುಖದಲ್ಲಿ ಅವನಿಗೆ ಏನು ಕಂಡಿತೋ, ತುಟಿಯ ಮೇಲಿದ್ದ ನಗು ಇಳಿದುಹೋಯಿತು.

ಮಾರ್ಸೆಲ್‌ನ ಮೇಲ್ದುಟಿಯ ಮೇಲೆ ಬೆವರು ಮೂಡುವುದನ್ನು ಅವಳು ನೋಡುತ್ತಿದ್ದಳು. ಇದನ್ನು ತಂದವಳು ತಾನೇ. ಈ ಆಟ ತಾನೇ ಕಟ್ಟಿದ್ದು, ಅವನ ಎದೆ ಈಗ ಹೊಡೆದುಕೊಳ್ಳುತ್ತಿರುವುದು ತಾನು ಮುಂದೆ ತಳ್ಳಿದ ರಾಶಿಗೆ. ಎಲೆ ಬಿಸಾಕಿ, ಸಾಕು, ನೀನೇ ಗೆದ್ದೆ, ಸುಮ್ಮನೆ ಮಲಗು ಎಂದುಬಿಡಲೇ ಅನ್ನಿಸಿತು. ಅಂದರೆ ನೋವು ಈಗ ನಿಂತೀತು. ಆಮೇಲೆ ಮೇ ತನಕ ಅವಳು ಬಾಯಿ ಬಿಡುವ ಹಾಗಿಲ್ಲ, ಅವನು ಏಣಿ ಹತ್ತುತ್ತಿರುತ್ತಾನೆ. ಅವಳು ಕಣ್ಣು ಮುಚ್ಚಿಕೊಂಡಳು. ಮುಚ್ಚಿದರೆ ಅವನು ಕಾಣುವುದಿಲ್ಲವೆಂದು ಮತ್ತೆ ತೆರೆದಳು.

"ಬೇಗ ಹೇಳಿ ಬಾಬ್," ಎಂದ ಲೆಸ್ಟರ್. ದನಿ ಬೇರೆಯೇ ಆಗಿತ್ತು.

"ಗಡಿಬಿಡಿ ಬೇಡ, ಯೋಚನೆ ಮಾಡ್ಬೇಕು," ಎಂದ ಮಾರ್ಸೆಲ್. ಶಿಷ್ಯರಿಗೆ ಬಿಡಿಸಿ ಹೇಳುವ ಹಾಗೆ ಜೋರಾಗಿಯೇ ಯೋಚಿಸಿದ: "ನನ್ನ ಹತ್ತಿರ ರಾಜ ಉಂಟು. ಜೋಡಿ. ಸಾಮಾನ್ಯದವನಾದ್ರೆ ನಾನು ಬೀಜ ಹಾಕಿ ನೋಡ್ತಿದ್ದೆ. ಆದರೆ ಇವಳು ಯಾರು? ಇವಳು ಸುಳ್ಳು ಹೇಳಿದ್ದು ನಾನು ನೋಡಿಲ್ಲ. ಉಮ್ಮರಬ್ಬ ಬೆಲ್ಲು ಹೊಡೆದ್ರೆ ಬೆವರುವವಳು. ಮೂರು ಎಲೆ ತೆರೆದಾಗ ಬಂದಳು, ಇಸ್ಪೀಟು ಬಂದಾಗ ಬಂದಳು, ಈಗ ಎಲ್ಲ ಹಾಕಿದಳು. ಕೈ ನೋಡಿ, ಹೇಗೆ ನಡುಗ್ತಾ ಉಂಟು. ಅದು ಕಲಿತು ಮಾಡುವಂಥದ್ದಲ್ಲ." ಅವನು ಒಮ್ಮೆ ಉಸಿರೆಳೆದುಕೊಂಡ, ಅದು ಅರ್ಧಕ್ಕೇ ನಿಂತಿತು. "ನಿನಗೆ ಇಸ್ಪೀಟು ಸೇರಿದೆ ಪ್ಯಾಟಿ. ನಾನು ಸೋಲುವ ಕೈಗೆ ಬೀಜ ಹಾಕುವವನಲ್ಲ."

ಎಲೆ ಮುಚ್ಚಿ ಕೆಳಗಿಟ್ಟ.

ಡಿಂಪಲ್ ಕೈ ಚಾಚಿ ಪ್ಯಾಟ್ರಿಶಿಯಾಳ ಎರಡು ಎಲೆಗಳನ್ನು ಎತ್ತಿಕೊಂಡಳು. ಕಟ್ಟಿಗೆ ಸೇರಿಸುವಾಗ ಅವು ಅವಳ ಕಣ್ಣಿಗೆ ಬಿದ್ದವು. ಡಿಂಪಲ್ ಕಲಸತೊಡಗಿದಳು, ಕಲಸುತ್ತಲೇ ಇದ್ದಳು. ಮುರುಗೆಪ್ಪ ಎದ್ದು ಕಿಟಕಿ ತೆರೆದ. "ಅಣ್ಣಾರ, ಸ್ವಲ್ಪ ಒರಗಿ ಕುಂದರ್ರಿ. ನೀರು ತರ್ತೀನಿ," ಎಂದ. ಮುಂದಿನ ಆಟಕ್ಕೆ ಯಾರೂ ಕೈ ಚಾಚಲಿಲ್ಲ.

ಈಗಲೇ ಹೋಗೋಣ ಎಂದಳು ಅವಳು. ನಾಳೆ ಎಂದು ಮಾತಾಗಿತ್ತು, ನಾಳೆಯೇ ಎಂದ ಅವನು. ಆ ರಾತ್ರಿ ಅವಳು ಮಲಗಲಿಲ್ಲ.

ಬೆಳಿಗ್ಗೆ ಟ್ಯಾಕ್ಸಿಯಲ್ಲಿ ಮಾರ್ಸೆಲ್‌ಗೆ ನೋವು ಇರಲಿಲ್ಲ. ಮುಖದಲ್ಲಿ ಕಳೆ ಬಂದಿತ್ತು. ಅದೇ ಅವಳಿಗೆ ಭಯ. ಆಸ್ಪತ್ರೆಯ ಕುರ್ಚಿಯಲ್ಲಿ ತನ್ನ ಸರದಿಗೆ ಕಾಯುತ್ತ ಅವನು ಕಾಲು ಕುಣಿಸತೊಡಗಿದ.

"ಎಂಥ ಇಸ್ಪೀಟು ಇತ್ತು ನಿನ್ನ ಹತ್ತಿರ? ಎಕ್ಕ ಇತ್ತಾ?"

"ನೋಡಬೇಕಿದ್ದರೆ ಬೀಜ ಹಾಕಬೇಕಿತ್ತು."

"ಈಗ ಹೇಳಿದರೆ ಎಂತ ಹೋಗ್ತದೆ?"

"ನಿನ್ನದೇ ಕಾನೂನು."

ಅವನು ಅವಳ ಕಡೆ ಓರೆಯಾಗಿ ತಿರುಗಿ, "ಪ್ಯಾಟಿ, ನಿನ್ನ ಹತ್ತಿರ ಏನೂ ಇರಲಿಲ್ಲ ಅಂತ ಆದರೆ ನಾನು ಈಗಲೇ ಎದ್ದು ಹೋಗುವವನು," ಎಂದ. ತಮಾಷೆಯೋ ನಿಜವೋ ಹೇಳಲು ಬರುವಂತಿರಲಿಲ್ಲ.

ಆಟ ಇನ್ನೂ ಮುಗಿದಿರಲಿಲ್ಲ. ಅವಳು ಅವನ ಕಣ್ಣು ನೋಡಿದಳು. ಮುಖ ಕದಲದ ಹಾಗೆ ಇಡುವುದು ಹೇಗೆಂದು ಬಾಗಿಲಿಗೆ ಒರಗಿ ಎಷ್ಟು ವರ್ಷ ಕೇಳಿದ್ದಳೋ, ಅದನ್ನೆಲ್ಲ ಆ ಒಂದು ಗಳಿಗೆಗೆ ಖರ್ಚು ಮಾಡಿದಳು. "ಹೋಗು," ಎಂದಳು. "ಹೋಗಿ ಲೆಸ್ಟರ್‌ಗೆ ಹೇಳು, ಮೇಜಿನ ಮಾತು ಮುರಿದೆ ಅಂತ."

ಅವನು ಏಳಲಿಲ್ಲ. ನರ್ಸು ಬಂದು ಹೆಸರು ಕರೆದಳು.

ಡಾಕ್ಟರ್ ಸೂರಜ ಧಾರವಾಡದ ಕಡೆಯವರು. ಮೊದಲ ಪರೀಕ್ಷೆಯ ಕಾಗದ ಹಿಡಿದು ಹೊರಗೆ ಬಂದಾಗ ಅವರ ನಡಿಗೆ ಬೇಗ ಬೇಗ ಇತ್ತು, ಮಾತು ಮಾತ್ರ ನಿಧಾನ. "ಮಾರ್ಸೆಲ್ ಅವರ, ಇವತ್ತ ನೀವು ಮನೀಗೆ ಹೋಗಂಗಿಲ್ಲ. ಎಷ್ಟು ದಿನದಿಂದ ಐತ್ರಿ ಇದು?"

"ಮೇ ತಿಂಗಳ ತನಕ ತಡೀಬಹುದಾ ಡಾಕ್ಟ್ರೇ? ಊರಿಗೆ ಹೋಗ್ಲಿಕ್ಕುಂಟು."

"ಮೇ ತಿಂಗಳದ್ದು ಬಿಡ್ರಿ. ನಾವು ಈ ವಾರದ ಮಾತು ಆಡೋಣು."

ಹೃದಯದ ಮೂರು ನಾಳ ಕಟ್ಟಿಕೊಂಡಿದ್ದವು. ಎದೆ ತೆರೆದು ಆಪರೇಶನ್ ಮಾಡಬೇಕಾಯಿತು. ಒಳಗೆ ಕರೆದೊಯ್ಯುವ ಮೊದಲು ಮಾರ್ಸೆಲ್ ಮಲಗಿದಲ್ಲಿಂದಲೇ ಮತ್ತೆ ಕೇಳಿದ: "ಈಗಾದರೂ ಹೇಳು." ಅವಳು, "ಹೊರಗೆ ಬಾ, ಹೇಳ್ತೇನೆ," ಎಂದಳು. ಅವನು ಬಂದ. ಅವಳು ಹೇಳಲಿಲ್ಲ. ಕಂಪನಿ ಅವನನ್ನು ತೆಗೆಯಲೂ ಇಲ್ಲ. ಏಣಿ ಬಿಡಿಸಿ ಕುರ್ಚಿ ಕೊಟ್ಟಿತು, ಅಷ್ಟೇ.

ಆಮೇಲೆ ಶನಿವಾರಗಳಲ್ಲಿ ಅವಳೂ ಮೇಜಿಗೆ ಕೂತಳು, ಐದನೆಯವಳಾಗಿ. ಅವಳ ಕೈ ಒಳ್ಳೆಯ ಎಲೆ ಬಂದರೂ ನಡುಗುತ್ತಿತ್ತು, ಕೆಟ್ಟದ್ದು ಬಂದರೂ ನಡುಗುತ್ತಿತ್ತು, ಚಹಾ ಸುರಿಯುವಾಗಲೂ ನಡುಗುತ್ತಿತ್ತು. ಯಾವಾಗಲೂ ನಡುಗುವ ಕೈಯಿಂದ ಯಾರಿಗೂ ಏನೂ ತಿಳಿಯದು. ಲೆಸ್ಟರ್ ಎಷ್ಟು ಕಣ್ಣಿಟ್ಟರೂ ಅವಳಲ್ಲಿ ಗುರುತು ಸಿಗಲಿಲ್ಲ. ಮುರುಗೆಪ್ಪ, "ಅಕ್ಕಾರ, ನೀವು ಹೆದರಿಸಿ ಹೆದರಿಸಿ ಕೊಲ್ಲಾಕತ್ತೀರಿ," ಎನ್ನುತ್ತಿದ್ದ. ಮಾರ್ಸೆಲ್‌ಗೆ ತನ್ನ ಶಿಷ್ಯರಲ್ಲಿ ಅವಳೇ ಮೇಲು ಎಂಬ ಹೆಮ್ಮೆ. ಈ ವರ್ಷದ ಆರಂಭದಲ್ಲಿ ಅವಳು ತೆಳ್ಳಗಾಗುತ್ತಿದ್ದುದು ಎಲ್ಲರಿಗೂ ಕಂಡಿತ್ತು. ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲದ ಉಪವಾಸ ಈ ಸಲ ಬೇಗ ಶುರು ಮಾಡಿದೆಯಾ ಎಂದು ಡಿಂಪಲ್ ಚುಡಾಯಿಸಿದ್ದಳು. ಹೌದು ಎಂದಿದ್ದಳು ಪ್ಯಾಟ್ರಿಶಿಯಾ.

ಈ ವರ್ಷ ರಜೆ ಬೇಗ ಸಿಕ್ಕಿತು. ಊರಿಗೆ ಹೋದ ಮೊದಲ ವಾರ ಮಾರ್ಸೆಲ್‌ನ ಹೃದಯದ ತಪಾಸಣೆಗೆ ಹೋದಾಗ, ಅವನದು ಮುಗಿದ ಮೇಲೆ, ನನ್ನದೂ ಒಂದು ಸ್ವಲ್ಪ ನೋಡಿ ಎಂದು ಅವಳು ಡಾಕ್ಟರಿಗೆ ಎದೆಯ ಬಲಭಾಗ ತೋರಿಸಿದಳು. ಅಲ್ಲಿದ್ದ ಕ್ಯಾನ್ಸರ್ ಗಂಟು ಅಷ್ಟರಲ್ಲಿ ಕಂಕುಳಿಗೂ ಬೆನ್ನಿನ ಮೂಳೆಗೂ ಹರಡಿತ್ತು.

ವಾರ್ಡಿನಲ್ಲಿ ಮಾರ್ಸೆಲ್ ಕೇಳಿದ, ಎಂದಿನಿಂದ ಗೊತ್ತಿತ್ತು ಎಂದು. ಹೋದ ವರ್ಷದ ರಜೆ ಮುಗಿಸಿ ಬಂದ ಮೇಲಿಂದ ಎಂದಳು. ಅಲ್ಲೇ ತೋರಿಸಬಹುದಿತ್ತಲ್ಲ, ಶಹಲಾಗೆ ಹೇಳಿದ್ದರೂ ಆಗುತ್ತಿತ್ತು, ಡಿಂಪಲ್‌ಗೆ ಹೇಳಿದ್ದರೂ ಆಗುತ್ತಿತ್ತು, ನನಗೆ ಹೇಳಬಾರದಿತ್ತಾ ಎಂದು ಅವನು ಕೇಳುತ್ತಲೇ ಹೋದ.

"ಹೇಳಿದರೆ ನಿನ್ನ ಎದೆ ಹೊಡೆದುಕೊಳ್ತದೆ ಅಂತ ಹೆದರಿಕೆಯಾಯ್ತು, ಮಾರ್ಸೆಲ್," ಎಂದಳು.